ಕುತ್ತಿಗೆಯ ಕೆಳಗಿನ ಪೆನ್ಸಿಲ್ ಅಕ್ಷರ

ನನ್ನ ಹೆಂಡತಿಗೆ ಏಳು ತಿಂಗಳಿಗೇ ನೋವು ಬಂದ ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ. ಅವಳನ್ನು ಟ್ಯಾಕ್ಸಿಗೆ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಪಕ್ಕದ ಖೋಲಿಯ ಅಕ್ಕ. ಸುದ್ದಿ ಸಿಕ್ಕಿ ನಾನು ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೂಸು ಉಸಿರಾಡಲೇ ಇಲ್ಲವಂತೆ. ಅದನ್ನು ತೊಳೆದು, ತಮ್ಮ ಮಗಳ ಹಳೆಯ ಬಿಳಿ ಫ್ರಾಕಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟವರೂ ಅವರೇ. ಆಮೇಲೆ ಹದಿನೈದು ದಿನ ಅವರು ನಮ್ಮ ಖೋಲಿಗೆ ಗಂಜಿ ತಂದಿಟ್ಟು, ಮಾತಿಲ್ಲದೆ ನನ್ನ ಹೆಂಡತಿಯ ತಲೆ ಬಾಚಿ ಹೋಗುತ್ತಿದ್ದರು.

ಮುಂಬಯಿಯ ಪರೇಲಿನ ಮಿಲ್ಲುಗಳ ಹಿಂದಿನ ಗಲ್ಲಿಯಲ್ಲಿ ನಮ್ಮ ಚಾಳು ಇತ್ತು, ಒಂದೊಂದು ಖೋಲಿಯಲ್ಲಿ ಒಂದೊಂದು ಸಂಸಾರ. ನಾನು ಬಾಗಲಕೋಟೆ ಕಡೆಯವನು. ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೆಲಸ. ಸುಟ್ಟುಹೋದ ಮೋಟಾರುಗಳ ಒಳಗಿನ ತಾಮ್ರದ ತಂತಿ ಕಿತ್ತು, ಹೊಸದು ಸುತ್ತುವುದು. ಅಕ್ಕ ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಮನೆಯಲ್ಲಿ ಕೊಂಕಣಿ ಆಡಿದರೂ ನಮ್ಮ ಜೊತೆ ಕನ್ನಡವೇ. ಊರಲ್ಲಿ ಕನ್ನಡ ಶಾಲೆಗೆ ಹೋಗಿದ್ದವರು. ಹೊಲಿಗೆ ಮಾಡಿ ಮನೆ ನಡೆಸುತ್ತಿದ್ದರು. ಮಗಳು ಫೋರ್ಟಿನಲ್ಲೊಂದು ಆಫೀಸಿನಲ್ಲಿ ಟೈಪಿಸ್ಟ್. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು.

ಆ ಗಂಡ ಮದುವೆಗಳಲ್ಲಿ, ಹೋಟೆಲುಗಳಲ್ಲಿ ಬ್ಯಾಂಡಿನವರ ಜೊತೆ ಗಿಟಾರು ಬಾರಿಸುತ್ತಿದ್ದವರು. ನಾನು ಅವರನ್ನು ನೋಡಿದ್ದು ಕೊನೆಯ ಎರಡು ವರ್ಷ ಮಾತ್ರ; ಕೆಮ್ಮುತ್ತ ಪಡಸಾಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದರು, ಯಾವಾಗಲೂ ಕಾಲಿಗೆ ಸಾಕ್ಸು. ಅದಕ್ಕೂ ಮೊದಲು ಅವರು ಎರಡು ವರ್ಷ ಹಡಗಿನಲ್ಲಿ ವಾದ್ಯ ನುಡಿಸುವ ಕೆಲಸಕ್ಕೆ ಹೋಗಿದ್ದರಂತೆ. ಬರುವಾಗ ಒಂದು ಕರೆಂಟಿನ ಗಿಟಾರು ತಂದರಂತೆ, ಜರ್ಮನಿಯದ್ದು. ಕೊಯ್ನಾದ ಭೂಕಂಪಕ್ಕೆ ಮುಂಬಯಿ ನಡುಗಿದ ಬೆಳಗಿನ ಜಾವ ಇಡೀ ಚಾಳು ರಸ್ತೆಗೆ ಇಳಿದಾಗ ಅಕ್ಕ ಮಗಳನ್ನು ಅವುಚಿಕೊಂಡು ಒಬ್ಬರೇ ನಿಂತಿದ್ದರು, ಗಂಡ ಸಮುದ್ರದಲ್ಲಿದ್ದರು ಎಂಬ ಮಾತನ್ನು ಚಾಳಿನವರೆಲ್ಲ ಹೇಳುತ್ತಿದ್ದರು.

ಆ ಗಿಟಾರು ಗೋಡೆಯ ಮೇಲೆ, ಏಸುವಿನ ಪಟದ ಪಕ್ಕದಲ್ಲಿ ತೂಗುತ್ತಿತ್ತು. ಅದನ್ನು ಯಾರೂ ಮುಟ್ಟಬಾರದು ಎಂದು ಬದುಕಿದ್ದಾಗ ಗಂಡನ ಆಜ್ಞೆ. ಅವರು ಸತ್ತ ಮೇಲೆ ಅದು ತಾನೇ ಮೂಕವಾಯಿತು. ಮಗಳಿಗೆ ಅದನ್ನು ನುಡಿಸುವ ಆಸೆ. ಧೋಬಿ ತಲಾವಿನ ಒಂದು ವಾದ್ಯದ ಅಂಗಡಿಗೆ ಒಯ್ದರೆ, ಅಂಗಡಿಯವನು ಹಿಂದೆ ಮುಂದೆ ತಿರುಗಿಸಿ, ಗಿಟಾರಿನ ತಲೆಯ ಮೇಲೆ ಕಂಪನಿಯ ಹೆಸರೇ ಇಲ್ಲ, ಬಿಡಿಭಾಗ ಎಲ್ಲಿಂದ ತರಲಿ ಎಂದು ವಾಪಸು ಕೊಟ್ಟನಂತೆ.

ಒಂದು ಸಂಜೆ ಅಕ್ಕ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನಮ್ಮ ಖೋಲಿಗೆ ಬಂದರು.

"ನೀವು ಕಾಯಿಲ್ ಸುತ್ತುವವರಲ್ವಾ, ಸ್ವಲ್ಪ ನೋಡಿ ಮಾರಾಯ್ರೆ. ಇದರ ಒಳಗೂ ಕಾಯಿಲೇ ಇರುವುದಂತೆ. ಯಾವ ಕಂಪನಿಯದ್ದು ಅಂತಲೂ ಗೊತ್ತಾದರೆ ಒಳ್ಳೆಯದಿತ್ತು. ಮಗಳು ಕೇಳ್ತಾ ಇರ್ತಾಳೆ."

"ಇದೇನ್ ದೊಡ್ಡ ಕೆಲಸರೀ ಅಕ್ಕಾರ," ಎಂದೆ. ಅವರಿಗಾಗಿ ಏನಾದರೂ ಮಾಡಲು ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗಾಗಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಕಿಟಕಿಯ ಕೆಳಗೆ ಚಾಪೆ ಹಾಸಿ ಅದನ್ನು ಬಿಚ್ಚಿದೆ. ಕೆಂಪು ಬಣ್ಣ ಒಡೆದು ಜೇಡನ ಬಲೆಯಂತೆ ಬಿರುಕು ಬಿಟ್ಟಿತ್ತು. ತಂತಿಗಳ ಕೆಳಗೆ ಎರಡು ಕಪ್ಪು ಡಬ್ಬಿಗಳು. ಅವುಗಳೊಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ, ಸಾವಿರಾರು ಸುತ್ತು. ಮೇಲಿನ ಬಾರಿಸುವ ತಂತಿ ಕಂಪಿಸಿದರೆ ಅಲ್ಲಿ ಕರೆಂಟು ಹುಟ್ಟುತ್ತದೆ. ಲೆಕ್ಕ ನಮ್ಮ ಮೋಟಾರಿನದ್ದೇ. ಒಂದು ಕಾಯಿಲು ಪೂರ್ತಿ ಹಸಿರುಗಟ್ಟಿ ತುಂಡಾಗಿತ್ತು, ಇನ್ನೊಂದು ಅರೆಜೀವ.

ಆದರೆ ಕಾಯಿಲಿನ ಮೇಲೆ ಸುತ್ತಿದ್ದ ಬಟ್ಟೆ ನೋಡಿ ನನ್ನ ಕೈ ನಿಂತಿತು. ಹಳದಿ ವಾರ್ನಿಷ್ ಬಟ್ಟೆ. ಅದನ್ನು ನಾನು ದಿನಾ ಅಂಗಡಿಯಲ್ಲಿ ಕತ್ತರಿಸಿ ಮೋಟಾರುಗಳಿಗೆ ಸುತ್ತುತ್ತಿದ್ದೆ. ಅಯಸ್ಕಾಂತವನ್ನು ತಿರುವಿ ನೋಡಿದೆ. ಹಳೆಯ ಸ್ಪೀಕರಿನದ್ದು, ಒಡೆದು ಸಾಣೆ ಹಿಡಿದ ಗುರುತು ಇನ್ನೂ ಇತ್ತು. ದನಿ ಏರಿಸುವ ಗುಬ್ಬಿ ನಮ್ಮ ಮನೆಯ ರೇಡಿಯೋದ ಗುಬ್ಬಿಯಂಥದೇ. ತಂತಿಗಳು ಕೂರುವ ಹಿತ್ತಾಳೆಯ ಪಟ್ಟಿಯನ್ನು ಯಾರೋ ಕೈಯಿಂದ ಅರ ಹಾಕಿ ಹಲ್ಲು ಮಾಡಿದ್ದರು. ಒಂದು ಹಲ್ಲು ಇದ್ದಂತೆ ಇನ್ನೊಂದಿರಲಿಲ್ಲ. ಯಾವ ದೇಶದ ಕಾರ್ಖಾನೆಯೂ ಹೀಗೆ ಮಾಡುವುದಿಲ್ಲ.

ಗಿಟಾರಿನ ಉದ್ದನೆಯ ಕುತ್ತಿಗೆ ನಾಲ್ಕು ಸ್ಕ್ರೂಗಳಲ್ಲಿ ಮೈಗೆ ಕೂತಿತ್ತು. ಸ್ಕ್ರೂ ತೆಗೆದು, ಮೆಲ್ಲಗೆ ಅಲ್ಲಾಡಿಸಿ ಎಬ್ಬಿಸಿದೆ. ಕುತ್ತಿಗೆಯ ಬುಡದಲ್ಲಿ, ಬಣ್ಣ ತಾಗದ ಬರಿ ಮರದ ಮೇಲೆ ಬಡಗಿಯ ದಪ್ಪ ಪೆನ್ಸಿಲಿನ ಅಕ್ಷರಗಳಿದ್ದವು. ಕನ್ನಡ ಅಕ್ಷರಗಳು.

"ಕುತ್ತಿಗಿ ತೆಳು ಮಾಡೂದು. ಕೈ ಸಣ್ಣದು."

ನನ್ನ ಊರಿನ ಮಾತು! ಖುಷಿ ತಡೆಯಲಾಗಲಿಲ್ಲ. ಕುತ್ತಿಗೆಯನ್ನು ಹಿಡಿದುಕೊಂಡೇ ಪಕ್ಕದ ಖೋಲಿಗೆ ಓಡಿದೆ. ಮಗಳು ಚರ್ಚಿಗೆ ಹೋಗಿದ್ದಳು, ಅಕ್ಕ ಮೀನು ತೊಳೆಯುತ್ತಿದ್ದರು.

"ನೋಡ್ರಿ ಅಕ್ಕಾರ, ಜರ್ಮನಿನೂ ಅಲ್ಲ ಏನೂ ಅಲ್ಲ. ನಮ್ಮ ಕಡಿಯವರು ಮಾಡ್ಯಾರ!"

ಅವರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು. ಮೊದಲು ನಕ್ಕರು. "ನಮ್ಮ ಯಜಮಾನರು ದೊಡ್ಡ ಬೊಗಳೆ ಮಾರಾಯ್ರೆ. ಯಾರ ಹತ್ರವೋ ತೆಗೊಂಡು ಜರ್ಮನಿ ಅಂದಿರಬೇಕು." ಕುತ್ತಿಗೆಯನ್ನು ಮರಳಿ ಕೊಡುತ್ತ ಕೇಳಿದರು, "ಇದನ್ನು ಮಾಡಿದವರು ಯಾರು ಅಂತ ಸಿಗಬಹುದಾ?"

"ಹುಡುಕ್ತೀನ್ರಿ," ಎಂದೆ. ಯಾಕೆ ಹಾಗಂದೆನೋ.

ಹುಡುಕುವುದು ಕಷ್ಟವಾಗಲಿಲ್ಲ. ಕನ್ನಡದಲ್ಲಿ ಗುರುತು ಹಾಕುವ ಬಡಗಿಗಳು ಮುಂಬಯಿಯಲ್ಲಿ ಎಷ್ಟು ಜನ? ನಮ್ಮ ಅಂಗಡಿಯ ಹತ್ತಿರದ ಮರದ ವಖಾರಿಯಲ್ಲಿ ನಮ್ಮ ಕಡೆಯ ಒಬ್ಬನನ್ನು ಕೇಳಿದೆ. ಆಂಟಾಪ್ ಹಿಲ್‌ನಲ್ಲಿ ಬಿಜಾಪುರದ ಒಬ್ಬ ಮುದುಕರಿದ್ದಾರೆ, ಎಲ್ಲರಿಗೂ ಚಾಚಾ, ಹಾರ್ಮೋನಿಯಂ ಪೆಟ್ಟಿಗೆ, ರೇಡಿಯೋ ಪೆಟ್ಟಿಗೆ ಮಾಡುತ್ತಿದ್ದವರು, ಅವರೇ ಇರಬೇಕು ಎಂದ.

ಕುತ್ತಿಗೆಯನ್ನಷ್ಟೇ ಪೇಪರಿನಲ್ಲಿ ಸುತ್ತಿಕೊಂಡು ಹೋದೆ. ಗುಡ್ಡದ ಬದಿಯ ಒತ್ತೊತ್ತು ಖೋಲಿಗಳ ಸಾಲಿನಲ್ಲಿ, ಮುಂದಕ್ಕೆ ತಗಡಿನ ಛಪ್ಪರ ಇಳಿಸಿದ ಒಂದು ಮನೆ. ಛಪ್ಪರದಡಿ ಮುದುಕರು ಬೀಡಿ ಸೇದುತ್ತ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಾನು ಕನ್ನಡದಲ್ಲಿ ಮಾತಾಡಿದ್ದೇ ಪಕ್ಕದ ಸ್ಟೂಲು ಸರಿಸಿದರು.

"ಚಾಚಾ, ಇದನ್ನ ಗುರುತ ಹಿಡೀತೀರೇನು?"

ಅವರು ಮೇಲಿಂದ ಕೆಳಗೆ ಒಮ್ಮೆ ಬೆರಳು ಆಡಿಸಿದರು, ಅಷ್ಟೆ. "ಅರೆ! ಎಲ್ಲಿ ಸಿಕ್ತು ತಮ್ಮಾ ಇದು? ನನ್ನ ಕೈದೇ ಐತಿ. ಸಾಗವಾನಿ. ಹಳೇ ಕಪಾಟಿನ ಬಾಗಲಾ ಕೊಯ್ದು ಮಾಡಿದ್ದು. ಜಿಂದಗಿಯಾಗ ಒಂದೇ ಗಿಟಾರ್ ಮಾಡೀನಿ ನಾ."

"ಯಾರ ಮಾಡಿಸಿದ್ರರಿ?"

"ಬಾಜೂ ಖೋಲಿ ಸಾಹೇಬ್ರು. ಕ್ರಿಶ್ಚನ್ ಮಂದಿ. ಬ್ಯಾಂಡಿನಾಗ ಬಾರಸ್ತಿದ್ರು. ಇಲ್ಲೇ ಇದ್ರು ಎರಡ ವರ್ಷ, ಬೀವಿ ಜೋಡಿ. ನಾ ಕಟಗಿ ಕೆಲಸ ಮಾಡೂದು, ಅವರು ಜೂನಾ, ಹಳೇ ಸಾಮಾನ ತಂದು ಕರೆಂಟಿಂದು ಜೋಡಸೂದು. ಆ ಹೆಣ್ಣಮಗಳಿಗೆ ಕಲಸಬೇಕು ಅಂತ ಮಾಡಿಸಿದ್ರು. ಆಕೀ ಕೈ ಇಷ್ಟ ಇತ್ತು ನೋಡು, ಸಾಲಿ ಹುಡಿಗಿ ಕೈ ಹಂಗ. ಅದಕ್ಕ ಕುತ್ತಿಗಿ ತೆಳು ಮಾಡಿದೆ."

ಆ ಬೀವಿ ನಮ್ಮ ಅಕ್ಕ ಅಲ್ಲವೆಂದು ಹೊಳೆಯಿತು. ಯಾವ ವರ್ಷ ಎಂದು ಕೇಳಿದೆ.

"ಧರಣಿ ನಡಗಿತ್ತಲ್ಲ, ಆ ವರ್ಷ. ಸರಸ ಅಂಟು ಹಚ್ಚಿ, ಕಬ್ಬಿಣದ ಶಿಕಂಜಾದಾಗ ಬಿಗದು, ಇಲ್ಲೇ ಕಟ್ಟೆಮ್ಯಾಲ ಇಟ್ಟಿದ್ದೆ. ನೆಲಾ ನಡಗಿದ ಕೂಡಲೇ ಎಲ್ಲಾರೂ ಓಡಿದ್ರೆ ಸಾಹೇಬ್ರು ಗಿಟಾರ್ ಹಿಡ್ಯಾಕ ಬಂದ್ರು. ಶಿಕಂಜಾ ಎಡಗಾಲ ಮ್ಯಾಲ ಬಿತ್ತು, ಹೆಬ್ಬಟ್ಟು ಜಜ್ಜಿಹೋತು. ಆದ್ರೂ ಗಿಟಾರ್ ಬಿಡಲಿಲ್ಲ ಪುಣ್ಯಾತ್ಮ!" ಚಾಚಾ ನಕ್ಕು ಕೆಮ್ಮಿದರು. "ಆರ ತಿಂಗಳಿಗೆ ಆ ಹೆಣ್ಣಮಗಳು ಕಾಮಣಿ ಆಗಿ, ಕಣ್ಣೆಲ್ಲಾ ಹಳದಿ ಆಗಿ, ತೀರಿಹೋದಳು. ಸಾಹೇಬ್ರು ಗಿಟಾರ್ ತಗೊಂಡು ಒಬ್ಬರೇ ಎಲ್ಲಿ ಹೋದ್ರೋ. ಇದನ್ನ ಜೋಡಿಸಿದ ಮ್ಯಾಲ ಒಮ್ಮಿ ತಗೊಂಡ ಬಾ ತಮ್ಮಾ. ಕಣ್ಣ ಇಲ್ಲ, ದನಿಯರೆ ಕೇಳ್ತೀನಿ."

ತರುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಪರೇಲಿಗೂ ಆಂಟಾಪ್ ಹಿಲ್ಲಿಗೂ ನಡೆದರೆ ಒಂದು ತಾಸಿನ ಹಾದಿ. ಆ ದಿನ ನಡೆದೇ ಬಂದೆ. ಎರಡು ವರ್ಷ ಅಕ್ಕ, ಮಗಳು ಸಮುದ್ರದ ಕಡೆ ಮುಖ ಮಾಡಿ ಕಾದಿದ್ದರು. ಅಕ್ಕನ ಗಂಡ ಇದ್ದದ್ದು ಇಲ್ಲಿ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಹೇಳಬ್ಯಾಡ್ರಿ. ಏನೂ ಹೇಳಬ್ಯಾಡ್ರಿ. ಯಾರೂ ಸಿಗಲಿಲ್ಲ ಅಂದುಬಿಡ್ರಿ."

ಅವಳು ಹೇಳಿದ ಹಾಗೆ ಮಾಡಿದ್ದರೆ ಆಗುತ್ತಿತ್ತು. ಆದರೆ ಮರದ ವಖಾರಿಯವನಿಂದ ಬಡಗಿಯ ವಿಷಯ ತಿಳಿದದ್ದನ್ನು ನಾನು ಮೊದಲೇ ಅಕ್ಕನಿಗೆ ಹೇಳಿಬಿಟ್ಟಿದ್ದೆ. ಮರುದಿನ ಸಂಜೆ ಅವರು ಹೊಲಿಗೆ ಮೆಷಿನ್ನಿನ ಮುಂದೆ ಕೂತೇ ಕೂಗಿದರು. "ಸಿಕ್ಕಿದರಾ ನಿಮ್ಮ ಬಡಗಿ?"

"ಸಿಕ್ಕರ್ರಿ. ಭಾಳ ವಯಸ್ಸಾಗೇತಿ. ಯಾರೋ ಗಿರಾಕಿ ಮಾಡಿಸಿದ್ದರಂತ. ಹೆಸರು ನೆನಪಿಲ್ಲಂತ."

"ಹಾಗೇ ಇರ್ತದೆ. ಯಾರೋ ಮಾಡಿಸಿದ್ದು, ಯಾರೋ ಮಾರಿದ್ದು, ಇವರು ತೆಗೊಂಡದ್ದು," ಎಂದು ಅಕ್ಕ ಮತ್ತೆ ಮೆಷಿನ್ ತುಳಿಯತೊಡಗಿದರು. ಅವರ ಮುಖ ಹಗುರಾಗಿತ್ತು. ಅಲ್ಲಿಗೆ ಎದ್ದುಬರಬೇಕಿತ್ತು ನಾನು. ಆದರೆ ಸುಳ್ಳು ಹೇಳಿದವನಿಗೆ ಆ ಸುಳ್ಳಿನ ಪಕ್ಕದಲ್ಲಿ ಒಂದು ನಿಜವನ್ನು ಇಡುವ ಚಟ ಬರುತ್ತದೋ ಏನೋ. ಅವರನ್ನು ನಗಿಸಲೆಂದು ಹೇಳಿಬಿಟ್ಟೆ. ಭೂಕಂಪದ ದಿನ ಆ ಗಿರಾಕಿ ಗಿಟಾರು ಹಿಡಿಯಲು ಓಡಿಬಂದದ್ದು, ಕಬ್ಬಿಣದ ಶಿಕಂಜಾ ಕಾಲ ಮೇಲೆ ಬಿದ್ದು ಹೆಬ್ಬೆರಳು ಜಜ್ಜಿದ್ದು, ಆದರೂ ಬಿಡದೆ ಅಪ್ಪಿಕೊಂಡು ನಿಂತದ್ದು.

ಮೆಷಿನ್ ನಿಂತಿತು.

"ಯಾವ ಕಾಲು?"

ಆಗಲೂ ನನಗೆ ಹೊಳೆಯಲಿಲ್ಲ. "ಎಡಗಾಲಂತ್ರಿ," ಎಂದೆ.

ಅಕ್ಕ ಕನ್ನಡಕ ತೆಗೆದು ಬಟ್ಟೆಯ ಮೇಲಿಟ್ಟರು. "ನಮ್ಮ ಯಜಮಾನರ ಎಡಗಾಲಿಗೆ ಹಡಗಿನ ಸರಪಳಿ ಬಿದ್ದದ್ದು," ಎಂದರು. "ಏಡನ್ ಬಂದರಲ್ಲಿ. ಉಗುರು ಸರಿಯಾಗಿ ಬೆಳೆಯಲೇ ಇಲ್ಲ. ಚಳಿಗಾಲದಲ್ಲಿ ನೋಯುತ್ತಿತ್ತು, ಅದಕ್ಕೇ ಸಾಕ್ಸು. ಅವರು ಸಾಯುವವರೆಗೆ ಆ ಬೆರಳಿಗೆ ನಾನೇ ಎಣ್ಣೆ ಹಚ್ಚಿದ್ದು."

ನಾನು ನೆಲದ ಮೇಲೆ ಬಿದ್ದಿದ್ದ ದಾರದ ಚೂರುಗಳನ್ನು ಆಯತೊಡಗಿದೆ.

"ಅವರ ಕಾಗದಗಳಿಗೆ ಸ್ಟಾಂಪು ಇರ್ತಿರಲಿಲ್ಲ," ಎಂದರು, ನನಗೆ ಹೇಳುತ್ತಿರುವಂತೆ ಇರಲಿಲ್ಲ ಅದು. "ಹಡಗಿನಿಂದ ರಜೆಗೆ ಬಂದವರ ಕೈಯಲ್ಲಿ ಕಳಿಸ್ತೇನೆ ಅಂತ ಬರೀತಿದ್ದರು. ಯಾರೋ ಬಾಗಿಲ ಸಂದಿಯಲ್ಲಿ ಹಾಕಿ ಹೋಗ್ತಿದ್ದರು. ಯಾರು ತಂದರು ಅಂತ ನಾನು ಒಮ್ಮೆಯೂ ನೋಡಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಸಣ್ಣ ಕೈ ಅಂತ ಬರೆದಿತ್ತಲ್ಲ. ಆ ಹೆಂಗಸು ಈಗ ಎಲ್ಲಿದ್ದಾಳೆ?"

"ಇಲ್ಲರೀ ಅಕ್ಕಾರ. ಆಗಲೇ ತೀರಿಕೊಂಡಾಳಂತ. ಕಾಮಣಿ ಆಗಿ."

ಅವರು ತಲೆಯಾಡಿಸಿದರು. ಅಳಲಿಲ್ಲ. ಹೊಲಿಯುತ್ತಿದ್ದ ರವಿಕೆಯ ತೋಳನ್ನು ಮತ್ತೆ ಸೂಜಿಯಡಿ ಇಟ್ಟು, ಇಟ್ಟದ್ದು ಉಲ್ಟಾ ಎಂದು ಗೊತ್ತಾಗಿ, ತೆಗೆದು, ಮತ್ತೆ ಉಲ್ಟಾ ಇಟ್ಟರು. ನಾನು ಎದ್ದೆ. ಬಾಗಿಲ ಹತ್ತಿರ ಬಂದಾಗ ಅವರ ದನಿ ಕೇಳಿತು.

"ಮಗಳಿಗೆ ಗೊತ್ತಾಗಬಾರದು. ರಿಪೇರಿ ಮುಗಿಸಿಕೊಡಿ. ಅದಕ್ಕೂ ಮೊದಲು ಆ ಬರಹ ಒರೆಸಿಬಿಡಿ."

ನಡೆದದ್ದು ಕೇಳಿ ನನ್ನ ಹೆಂಡತಿ ನನಗೆ ತಟ್ಟೆ ಇಟ್ಟು, ತಾನು ಪಡಸಾಲೆಗೆ ಹೋಗಿ ಕೂತಳು. ಬೈದಿದ್ದರೆ ಹಗುರಾಗುತ್ತಿತ್ತು.

ಮುಂದಿನ ಎರಡು ವಾರ ಕೆಲಸ ಮುಗಿಸಿ ಬಂದು ಕತ್ತಲಾಗುವವರೆಗೆ ಗಿಟಾರಿನ ಮುಂದೆ ಕೂತೆ. ಅಂಗಡಿಯಿಂದ ಕೈಯಲ್ಲಿ ತಿರುಗಿಸುವ ಸುತ್ತು ಯಂತ್ರ ತಂದೆ. ಅಂಥ ಸಣ್ಣ ತಂತಿಯನ್ನು ನಾನು ಎಂದೂ ಸುತ್ತಿರಲಿಲ್ಲ. ಬೆರಳು ಒಂಚೂರು ಬಿಗಿಯಾದರೆ ಹರಿಯುತ್ತದೆ, ಸಡಿಲಾದರೆ ಗಂಟಾಗುತ್ತದೆ. ಮೂರು ಸಲ ಹರಿದು ನಾಲ್ಕನೆಯ ಸಲಕ್ಕೆ ಕೂತಿತು. ಹಿತ್ತಾಳೆಯ ಹಲ್ಲುಗಳನ್ನು ತಿಕ್ಕಿದೆ, ಸಡಿಲಾಗಿದ್ದ ಬೆಸುಗೆಗಳನ್ನು ಮತ್ತೆ ಹಾಕಿದೆ. ಕೆಂಪು ಬಣ್ಣವನ್ನು ಮಾತ್ರ ಮುಟ್ಟಲಿಲ್ಲ. ಹಾಗೇ ಇರಲಿ ಎಂದು ಅಕ್ಕನೇ ಹೇಳಿ ಕಳಿಸಿದ್ದರು, ನನ್ನ ಹೆಂಡತಿಯ ಮೂಲಕ.

ಎಲ್ಲ ಮುಗಿದ ಮೇಲೆ ಕುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಆ ವಾದ್ಯ ಯಾರ ಕೈಯಿಂದ ಬಂತು ಎಂಬುದಕ್ಕೆ ಈ ಲೋಕದಲ್ಲಿ ಇದ್ದ ಸಾಕ್ಷಿ ಆ ಒಂದು ಸಾಲು. ಪಾಲಿಶ್ ಪೇಪರ್ ಹಿಡಿದು ಕೂತವನಿಗೆ ಚಾಚಾರ ಬೆರಳುಗಳು ಕಣ್ಣಮುಂದೆ ಬಂದವು. ಆದರೂ ತಿಕ್ಕಿದೆ. ಪೆನ್ಸಿಲು ಮರದ ಎಳೆಯೊಳಗೆ ಇಳಿದಿತ್ತು, ಬೇಗ ಹೋಗಲಿಲ್ಲ. 'ಕೈ' ಎಂಬ ಅಕ್ಷರ ಎಲ್ಲಕ್ಕಿಂತ ಕೊನೆಗೆ ಹೋಯಿತು. ಸಣ್ಣ ಪುಡಿಯನ್ನು ಊದಿ, ಸ್ಕ್ರೂ ಬಿಗಿದೆ.

ಭಾನುವಾರ ಚರ್ಚು ಮುಗಿಸಿ ಬಂದು ಮಗಳು ಅದನ್ನು ನುಡಿಸಿದಳು. ನಮ್ಮ ಹಳೆಯ ವಾಲ್ವ್ ರೇಡಿಯೋವನ್ನು ಅವರ ಖೋಲಿಗೆ ಒಯ್ದು, ಅದರ ಹಿಂದಿನ ಪಿನ್ನಿಗೆ ಗಿಟಾರಿನ ವಯರು ಜೋಡಿಸಿದ್ದೆ. ಮೊದಲು ಗುಂಯ್‌ ಎಂದಿತು, ಆಮೇಲೆ ಸ್ವರ ಎದ್ದಿತು. ದುಂಡಗಿನ, ಸ್ವಲ್ಪ ಒಡಕು ಸೇರಿದ ದನಿ. ಚಾಳಿನ ಹೆಂಗಸರು ಬಾಗಿಲಲ್ಲಿ ನೆರೆದರು. ಮಗಳಿಗೆ ನಾಲ್ಕೈದು ಸ್ವರಕೂಟ ಮಾತ್ರ ಬರುತ್ತಿತ್ತು, ಅವನ್ನೇ ಮತ್ತೆ ಮತ್ತೆ ಬಾರಿಸಿದಳು.

"ಅಂಕಲ್, ಏಕ್‌ದಮ್ ನನ್ನ ಹಾತ್‌ಗೇ ಮಾಡಿದ ಹಾಗೆ ಉಂಟು! ಎಷ್ಟು ತೆಳು, ದೇಖೋನಾ. ಪಪ್ಪಾ ನನಗೋಸ್ಕರಾನೇ ಶಿಪ್‌ನಿಂದ ತಂದದ್ದು. ಹೌದಲ್ವಾ ಮಮ್ಮಿ?"

ಅಕ್ಕ ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದರು. "ಹೌದು," ಎಂದರು. "ನಿನಗೋಸ್ಕರಾನೇ."

ನಾನು ರೇಡಿಯೋವನ್ನು ಅಲ್ಲಿಯೇ ಬಿಟ್ಟು ಹೊರಗೆ ಬಂದೆ.

ಅದಾದ ಮೇಲೆ ಅಕ್ಕ ನಮ್ಮ ಜೊತೆ ಜಗಳವಾಡಲಿಲ್ಲ. ಹಬ್ಬಕ್ಕೆ ಕೇಕು ಕಳಿಸಿದರು, ನನ್ನ ಹೆಂಡತಿಗೆ ರವಿಕೆ ಹೊಲಿದುಕೊಟ್ಟರು. ಆದರೆ ನಮ್ಮ ಖೋಲಿಯೊಳಗೆ ಬಂದು ಕೂರುವುದು ನಿಂತುಹೋಯಿತು. ನಾನು ಪಡಸಾಲೆಯಲ್ಲಿ ಎದುರಾದರೆ ಸೆರಗು ಸರಿಪಡಿಸಿಕೊಂಡು ಬದಿಗೆ ಸರಿಯುತ್ತಿದ್ದರು, ಯಾವುದೋ ಹೊಸ ಬಾಡಿಗೆದಾರನಿಗೆ ಸರಿದಂತೆ. ತಮ್ಮ ಗಂಡನ ಬಗ್ಗೆ ಗೊತ್ತಿರುವ ಒಬ್ಬ ಮನುಷ್ಯ ಗೋಡೆಯ ಆಚೆಗೇ ಉಸಿರಾಡುತ್ತಿದ್ದಾನೆ ಎಂಬುದು ಅವರಿಗೆ ಎಷ್ಟು ಭಾರವಾಗಿತ್ತೋ. ನನ್ನ ಹೆಂಡತಿಗೆ ಅವರೇ ಇಡೀ ಊರಾಗಿದ್ದರು. ಅವಳು ಮಧ್ಯಾಹ್ನಗಳಲ್ಲಿ ಒಬ್ಬಳೇ ಕೂರಲು ಕಲಿತಳು. ಮತ್ತೆ ನಮಗೆ ಮಕ್ಕಳಾಗಲಿಲ್ಲ. ಒಂದು ವರ್ಷದೊಳಗೆ ಮಗಳಿಗೆ ಕಾಂದಿವಲಿಯ ಕಡೆ ಮದುವೆಯಾಯಿತು, ಅಕ್ಕ ಖೋಲಿ ಬಿಟ್ಟು ಅವಳ ಜೊತೆ ಹೋದರು. ಟೆಂಪೋದಲ್ಲಿ ಹೊಲಿಗೆ ಮೆಷಿನ್ನಿನ ಪಕ್ಕ ಬೆಡ್‌ಶೀಟು ಸುತ್ತಿದ ಗಿಟಾರು ಹೋಯಿತು.

ಚಾಚಾರಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ. ಗಿಟಾರು ಒಯ್ಯಲು ಅಕ್ಕನನ್ನು ಕೇಳುವ ಮುಖ ನನಗಿರಲಿಲ್ಲ. ಕೊನೆಗೊಮ್ಮೆ ಬರಿಗೈಯಲ್ಲೇ ಹೋಗಿ, ದನಿ ಚಲೋ ಬಂದೈತಿ ಎಂದಷ್ಟಾದರೂ ಹೇಳಿ ಬರೋಣ ಎಂದು ಹೊರಟೆ. ತಗಡಿನ ಛಪ್ಪರದಡಿ ಯಾರೋ ತಮಿಳರು ಇಡ್ಲಿಯ ಪಾತ್ರೆ ತೊಳೆಯುತ್ತಿದ್ದರು. ಮುದುಕರನ್ನು ಮಳೆಗಾಲಕ್ಕೆ ಮುಂಚೆಯೇ ಊರಿಗೆ ಕರೆದೊಯ್ದರು, ಅಲ್ಲಿ ತೀರಿಕೊಂಡ ಸುದ್ದಿ ಬಂತು ಎಂದರು.

ಐದಾರು ವರ್ಷಗಳ ನಂತರ, ಕಾಂದಿವಲಿಯ ಒಂದು ಕಾರ್ಖಾನೆಗೆ ಮೋಟಾರು ನೋಡಲು ಹೋಗಿ ಮರಳುವಾಗ ಸ್ಟೇಷನ್ನಿನಲ್ಲಿ ಅಕ್ಕ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರೇ ನನ್ನನ್ನು ಗುರುತಿಸಿ ನಿಲ್ಲಿಸಿದರು. ನನ್ನ ಹೆಂಡತಿಯನ್ನು ಕೇಳಿದರು. ಮಗಳಿಗೆ ಇಬ್ಬರು ಮಕ್ಕಳು, ಈಗಲೂ ಚರ್ಚಿನಲ್ಲಿ ಗಿಟಾರು ನುಡಿಸುತ್ತಾಳೆ ಎಂದರು. ಅದೇ ಗಿಟಾರೇನು ಎಂದು ನಾನು ಕೇಳಲಿಲ್ಲ. ಕ್ಷಮಿಸಿ ಎನ್ನಲು ಹೊರಟಿದ್ದೆ. ಲೋಕಲ್ ಬರುವ ಹೊತ್ತಾಯಿತು, ಜನ ಮುಂದೆ ಸರಿದರು. ಆಗ ಅಕ್ಕ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಒಂದು ಕೇಳಬೇಕಿತ್ತು. ಆ ಹೆಂಗಸಿನ ಹೆಸರು ಏನಂತೆ? ಬಡಗಿ ಹೇಳಿದ್ದರಾ?"

"ಇಲ್ಲರೀ ಅಕ್ಕಾರ. ನಾ ಕೇಳಲೇ ಇಲ್ಲ."

"ಈಗ ಕೇಳಲಿಕ್ಕೆ ಆಗ್ತದಾ?"

"ಅವರೂ ಹೋದರ್ರಿ."

ಅಕ್ಕ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. "ವರ್ಷ ವರ್ಷ ನಮ್ಮ ಯಜಮಾನರ ಆತ್ಮಕ್ಕೆ ಅಂತ ಚರ್ಚಿನಲ್ಲಿ ಪೂಜೆ ಹೇಳಿಸ್ತೇನೆ," ಎಂದರು. "ಅವಳಿಗೆ ಯಾರಿದ್ದಾರೋ ಇಲ್ಲವೋ. ಅವಳ ಹೆಸರೂ ಕೊಡುವ ಅಂತ ಇತ್ತು. ಪಾದ್ರಿಗಳು ಹೆಸರು ಕೇಳ್ತಾರೆ."

ಗಾಡಿ ಬಂತು. ಅವರು ಲೇಡೀಸ್ ಡಬ್ಬಿಯ ಗುಂಪಿನಲ್ಲಿ ನುಗ್ಗಿ ಹತ್ತಿದರು. ನಾನು ಹತ್ತಬೇಕಾಗಿದ್ದ ಗಾಡಿಯೂ ಅದೇ ಆಗಿತ್ತು, ಆದರೆ ಮುಂದಿನದಕ್ಕೆ ಕಾಯುತ್ತ ಪ್ಲಾಟ್‌ಫಾರ್ಮಿನ ಮೇಲೆ ನಿಂತುಬಿಟ್ಟೆ.